ಸಹಿಯಿಲ್ಲದ ಮೂರು ವಾರ

ಹಾಸಿಗೆ ಹಿಡಿದವರ ಮನೆಗೆ ಹೋಗಿ ಅವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಎಲ್ಲರೂ ಕರೆಯುತ್ತಿದ್ದದ್ದು ಆಯಾ ಅಂತಲೇ. ಕೆಲಸಕ್ಕೆ ಕಳಿಸುವುದು ಒಂದು ಏಜೆನ್ಸಿ, ಸಂಬಳ ಕೊಡುವುದೂ ಅದೇ. ಎಷ್ಟು ಹೊತ್ತಿಗೆ ಬಂದೆ, ಎಷ್ಟು ಹೊತ್ತಿಗೆ ಹೋದೆ ಎಂದು ಡ್ಯೂಟಿ ಶೀಟಿನಲ್ಲಿ ಬರೆದು, ರೋಗಿಯ ಸಹಿ ಹಾಕಿಸಿ, ಪ್ರತಿ ಸೋಮವಾರ ಆಫೀಸಿಗೆ ಮುಟ್ಟಿಸಬೇಕು. ಇಷ್ಟೇ ತಾನೆ? ಇಷ್ಟರಲ್ಲೇ ಅವಳು ಎಡವಿದಳು ನೋಡಿ.

ಕೊನೆಯದಾಗಿ ಅವಳ ಪಾಲಿಗೆ ಬಂದ ರೋಗಿ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಹಿಂದೆ ಮುಂದೆ ಯಾರೂ ಇಲ್ಲ. ಮಗ್ಗುಲು ಬದಲಿಸಲೂ ಇವಳೇ ಬೇಕು, ಆದರೆ ಜಂಬ ಮಾತ್ರ ಎಳ್ಳಷ್ಟೂ ಇಳಿದಿರಲಿಲ್ಲ. ಶೀಟು ಮುಂದೆ ಹಿಡಿದರೆ, “ಈವತ್ತು ಬೇಡಮ್ಮ, ಕೈ ನಡುಗ್ತಿದೆ. ನನ್ನ ಸಹಿ ಕೋಳಿ ಕೆದರಿದ ಹಾಗೆ ಬಂದ್ರೆ ನೋಡ್ದೋರು ಏನಂತಾರೆ?” ಎನ್ನುತ್ತಿದ್ದರು.

“ಅದನ್ನ ಯಾರು ನೋಡ್ತಾರೆ ಸಾರ್!”

“ನಾನು ನೋಡ್ತೀನಲ್ಲ!” ಎಂದು ಗೋಡೆಯ ಕಡೆ ಮುಖ ತಿರುಗಿಸಿಬಿಡೋರು.

ಒತ್ತಾಯ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಒಳ್ಳೆತನ ಅನ್ನಿ, ಪೆದ್ದುತನ ಅನ್ನಿ. ನಾಳೆ ಹಾಕ್ತಾರೆ, ನಾಡಿದ್ದು ಹಾಕ್ತಾರೆ ಅಂತ ಮೂರು ವಾರದ ಶೀಟು ಹಾಗೇ ಉಳಿಯಿತು. ಆಮೇಲೊಂದು ಬೆಳಗ್ಗೆ ಚಮಚದಲ್ಲಿ ನೀರು ಕುಡಿಸುತ್ತಿರುವಾಗಲೇ ಮೇಷ್ಟ್ರು ಹೊರಟುಹೋದರು. ಅವಳು ಮನೆಯವಳ ಹಾಗೆ ಅತ್ತಳು.

ಅಳುತ್ತಾ ಕೂರುವ ಹಾಗೂ ಇರಲಿಲ್ಲ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಶುಕ್ರವಾರ ಸಂಜೆಯೊಳಗೆ ಫೀಸು ಕಟ್ಟದಿದ್ದರೆ ಅದು ಇನ್ನೊಬ್ಬರ ಪಾಲು. ನಾನಂತೂ ಆಯಾ ಆದೆ, ಅವಳಾದರೂ ನರ್ಸಾಗಲಿ ಎಂದು ಇಷ್ಟು ವರ್ಷ ಹೊಟ್ಟೆ ಬಟ್ಟೆ ಕಟ್ಟಿದ್ದಳು. ಕಡಿಮೆ ಬಿದ್ದದ್ದು ಸರಿಯಾಗಿ ಈ ಮೂರು ವಾರದ ಸಂಬಳ.

ಮ್ಯಾನೇಜರು ಶೀಟುಗಳನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದ. “ಲೇಟಾಗಿ ತಂದಿದೀಯ, ಸಹಿನೂ ಇಲ್ಲ. ಟೈಮಿಗೆ ಬಾರದ ಶೀಟಿಗೆ ಸಂಬಳ ಇಲ್ಲ. ರೂಲ್ಸು.”

“ಒಂದು ದಿನಾನೂ ತಪ್ಪಿಸಿಲ್ಲ ಸಾರ್ ನಾನು.”

“ಸಾಕ್ಷಿ ಯಾರು, ಸತ್ತೋರಾ?” ಎಂದು ಹಲ್ಲು ಬಿಟ್ಟ, ಪಾಪಿ.

ಯಾರೋ ಹೇಳಿದರೆಂದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಒಳ್ಳೆ ಹೆಂಗಸು, “ಕೂತ್ಕೊಳ್ಳಿ” ಅಂದರು. ಎಲ್ಲವನ್ನೂ ಕೇಳಿಸಿಕೊಂಡು, “ಶೀಟು ಲೇಟಾದ್ರೆ ಅವ್ರು ಬೈಬಹುದು, ನೋಟಿಸು ಕೊಡಬಹುದು. ದುಡಿದ ಸಂಬಳ ನುಂಗೋ ಹಾಗಿಲ್ಲ. ನೀವು ಎಷ್ಟು ಹೊತ್ತು ದುಡಿದ್ರಿ ಅಂತ ಬರ್ದಿಡೋದು ಅವ್ರ ಹೊಣೆ. ಇದು ನಿಮ್ಮ ಹಕ್ಕು” ಎಂದರು.

ಹಕ್ಕು! ಅವಳ ವಿಷಯದಲ್ಲಿ ಯಾರೂ ಆಡಿರದ ಮಾತು. ಅಬ್ಬಾ, ಬದುಕಿದೆ ಅಂದುಕೊಂಡಳು. “ಶುಕ್ರವಾರದೊಳಗೆ ಸಿಗುತ್ತಾ ಮೇಡಂ?”

ಅವರು ಮೇಜಿನ ಮೇಲಿನ ಫೈಲುಗಳ ಕಡೆ ನೋಡಿದರು. “ಮೊದಲ ವಿಚಾರಣೆಗೇ ಮೂರು ತಿಂಗಳಾಗುತ್ತಮ್ಮ.”

ದೂರಂತೂ ಬರೆದುಕೊಟ್ಟಳು. ಅಣ್ಣನನ್ನು ಕೇಳಿದಳು, ಅವನು ತನ್ನ ಕಷ್ಟವನ್ನೇ ಇವಳ ಮುಂದೆ ತೋಡಿಕೊಂಡ. ಶುಕ್ರವಾರ ಬಂತು, ಹೋಯಿತು. “ಬಿಡಮ್ಮ, ಮುಂದಿನ ವರ್ಷ ನೋಡಿದ್ರಾಯ್ತು” ಎಂದಳು ಮಗಳು. ಮುಂದಿನ ವರ್ಷ ಎಲ್ಲಿಂದ ಬರುತ್ತೆ ದುಡ್ಡು? ಬರಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಶನಿವಾರ ಮ್ಯಾನೇಜರು ಫೋನು ಮಾಡಿದ. “ದೂರು ಕೊಟ್ಟಿದೀಯಂತೆ? ಕೊಡು, ಯಾರು ಬೇಡ ಅಂದ್ರು. ನಿಂಗೆ ಸದ್ಯಕ್ಕೆ ಡ್ಯೂಟಿ ಇಲ್ಲ. ಮಗಳು ಖಾಲಿ ಇದ್ದಾಳಂತಲ್ಲ, ಅವಳನ್ನ ಕಳಿಸು.”

ಥೂ ಅಂತ ಉಗಿಯಬೇಕೆನಿಸಿತು. ಹೊಟ್ಟೆ ಕೇಳಬೇಕಲ್ಲ. “ಆಗಲಿ ಸಾರ್” ಅಂದಳು.

ಸೋಮವಾರ ಬೆಳಗ್ಗೆ ಮಗಳು ಏಜೆನ್ಸಿಯ ನೀಲಿ ಕೋಟು ಹಾಕಿಕೊಂಡು ಹೊರಟಳು. ಅಮ್ಮ ಅಂಗಡಿಯಿಂದ ತಂದಿದ್ದ ಹೊಸ ಇಂಕ್ ಪ್ಯಾಡನ್ನು ಅವಳ ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

“ನಾನು ಹೋಗ್ತಿರೋ ಮನೆ ಅಜ್ಜಿಗೆ ಪ್ರಜ್ಞೆನೇ ಸರಿಯಾಗಿಲ್ವಂತೆ ಕಣಮ್ಮ. ಮುಟ್ಟಿದ್ರೆ ಅಳ್ತಾರಂತೆ.”

“ಅತ್ರೆ ಅಳ್ಲಿ. ಸಾಯಂಕಾಲ ಬರೋ ಮುಂಚೆ ಬೆರಳು ಹಿಡಿದು ಶೀಟಿನ ಮೇಲೆ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ. ಕೊನೇ ಉಸಿರು ಎಳೀತಿದ್ರೂ ಮೊದಲು ಅದು, ಆಮೇಲೆ ನೀರು.”

ಮಗಳು ಒಂದು ಗಳಿಗೆ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ “ಹೂಂ” ಅಂದು ಬಸ್ಸಿಗೆ ಓಡಿದಳು.