ಶುಲ್ಕವಿಲ್ಲದ ಶಿಫ್ಟಿಂಗ್

ಬಾಗಿಲು ತೆರೆಯುವ ಮೊದಲು ಒಳಗಿನಿಂದ ಮೂರು ಸಲ ಕೇಳಿದರು, ಯಾರು ಅಂತ. ಮೂರು ಸಲವೂ ಮೌನಿ ಒಂದೇ ಉತ್ತರ ಕೊಟ್ಟ.

"ನೆಟ್ ಹಾಕೋಕೆ ಬಂದಿದೀನಿ."

ಕುತ್ತಿಗೆಯ ಗುರುತಿನ ಚೀಟಿಯನ್ನು ಬಾಗಿಲ ಕಿಂಡಿಗೆ ಹಿಡಿದ. ಎರಡು ಚಿಲಕ ಸರಿದವು, ಆಮೇಲೆ ಏನೋ ಭಾರದ್ದನ್ನು ನೆಲದ ಮೇಲೆ ಎಳೆದ ಸದ್ದು. ಒಂದು ಗೇಣು ತೆರೆದ ಬಾಗಿಲಲ್ಲಿ ದಪ್ಪ ತೋಳಿನ ನಡುವಯಸ್ಸಿನ ಹೆಂಗಸೊಬ್ಬಳು ನಿಂತಿದ್ದಳು. ಆಸ್ಪತ್ರೆಯ ಲಾಂಡ್ರಿಯ ನೀಲಿ ಮೇಲಂಗಿ ಇನ್ನೂ ಮೈಮೇಲಿತ್ತು.

"ಬಾರಪ್ಪಾ. ಏಣಿ ಬೇರೆ ಹೊತ್ಕೊಂಡು ಬಂದಿದೀಯ. ಸೀದಾ ಸ್ವರ್ಗಕ್ಕೇ ಕನೆಕ್ಷನ್ ಕೊಡ್ತೀಯೋ ಹೆಂಗೆ?"

ಹಿಂದೆ, ಕಿಟಕಿಯ ಹತ್ತಿರದ ಮೇಜಿನ ಪಕ್ಕ, ಅವಳ ತಂಗಿ ನಿಂತಿದ್ದಳು. ಮೌನಿಗೆ ಅವಳ ಗುರುತು ಸಿಕ್ಕಿತು. ಎಂಟು ದಿನದ ಹಿಂದೆ ದವಡೆಯ ಮೇಲೆ ಹಸಿರು ಹಳದಿಯಾಗಿದ್ದ ಕಲೆ ಈಗ ಬರೀ ಹಳದಿಯಾಗಿತ್ತು. ಬಲಗೈಯ ಎರಡು ಬೆರಳುಗಳನ್ನು ಒಟ್ಟಿಗೆ ಸೇರಿಸಿ ಕಟ್ಟಿದ್ದ ಪಟ್ಟಿ ಹಾಗೆಯೇ ಇತ್ತು.

ಆಫೀಸಿನಲ್ಲಿ ಅವನಿಗೆ ಮೌನಿ ಎಂದು ಹೆಸರು ಬಿದ್ದು ಏಳು ವರ್ಷವಾಗಿತ್ತು. ಮನೆಗೆ ಹೋಗುತ್ತಾನೆ, ಗೋಡೆ ಕೊರೆಯುತ್ತಾನೆ, ವೈರು ಎಳೆಯುತ್ತಾನೆ, ಬರುತ್ತಾನೆ. ಜನರ ಮನೆಯೊಳಗೆ ಅವನ ಕಣ್ಣಿಗೆ ಬೀಳದೆ ಇದ್ದದ್ದು ಕಡಿಮೆ. ಮುರಿದ ಕನ್ನಡಿ, ಹೊರಗಿನಿಂದ ಚಿಲಕ ಹಾಕಿದ ಕೋಣೆ, ಮಾತಿನ ಮಧ್ಯೆ ಥಟ್ಟನೆ ಸುಮ್ಮನಾಗುವ ಹೆಂಡತಿಯರು. ಎಲ್ಲವನ್ನೂ ನುಂಗಿಕೊಂಡು ಮೆಟ್ಟಿಲಿಳಿಯುವುದೇ ಸಭ್ಯತೆ ಎಂದು ಅವನು ನಂಬಿದ್ದ. ಅಂಥವನು ಎಂಟು ದಿನದ ಹಿಂದೆ ಆಫೀಸಿನ ಕೌಂಟರಿನ ಮುಂದೆ, ಯಾರೂ ಕೇಳದಿದ್ದರೂ, ನಡುವೆ ಬಾಯಿ ಹಾಕಿದ್ದ.

"ಎರಡು ವರ್ಷದ ಒಪ್ಪಂದ ಮೇಡಂ, ಇನ್ನೂ ಹನ್ನೊಂದು ತಿಂಗಳಿದೆ," ಎಂದು ಕೌಂಟರಿನ ಹುಡುಗಿ ಈ ತಂಗಿಗೆ ಹೇಳುತ್ತಿದ್ದಳು. "ಈಗ ಬಿಟ್ರೆ ಉಳಿದಿದ್ದರಲ್ಲಿ ಅರ್ಧ ಕಟ್ಟಬೇಕು. ಬಾಕ್ಸ್ ವಾಪಸ್ ಕೊಡಬೇಕು."

"ಬಾಕ್ಸ್ ಆ ಮನೇಲಿದೆ."

"ತಗೊಂಡು ಬನ್ನಿ."

"ಆ ಮನೆಗೆ ಹೋಗೋಕಾಗಲ್ಲ."

"ಹಂಗಂದ್ರೆ ಬಾಕ್ಸಿಂದು ಬೇರೆ ಬೀಳುತ್ತೆ."

ಹೆಂಗಸು ಕಟ್ಟಿದ ಬೆರಳುಗಳನ್ನು ನೋಡುತ್ತಾ ನಿಂತಳು. ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ಮನೆಯಲ್ಲೇ ಕೂತು ವರದಿ ಟೈಪು ಮಾಡುವುದು ಅವಳ ಕೆಲಸ. ಹತ್ತು ದಿನದೊಳಗೆ ನೆಟ್ ಬರದಿದ್ದರೆ ಆ ಕೆಲಸವೂ ಇಲ್ಲ ಎಂದು ಮೆಲ್ಲಗೆ ಹೇಳಿದಳು. ಆ ಮೇಲೆ ಏನೂ ಹೇಳಲಿಲ್ಲ. ಆ ಸುಮ್ಮನಿರುವಿಕೆ ಮೌನಿಗೆ ಚೆನ್ನಾಗಿ ಗೊತ್ತಿತ್ತು.

"ಕ್ಯಾನ್ಸಲ್ ಮಾಡ್ಬೇಡಿ," ಎಂದುಬಿಟ್ಟ. "ಶಿಫ್ಟಿಂಗ್ ಹಾಕ್ಸಿ. ವಿಳಾಸ ಬದಲಾದ್ರೆ ಒಂದು ಪೈಸೆ ಶುಲ್ಕ ಇಲ್ಲ. ಬಾಕ್ಸ್ ಕೆಟ್ಟಿದೆ ಅಂತ ಬರೀರಿ, ನಾನು ಬೇರೆ ಹಾಕ್ಕೊಡ್ತೀನಿ."

"ಅಯ್ಯೋ, ಮೌನಿ ಮಾತಾಡ್ಬಿಟ್ಟ!" ಎಂದು ಕೌಂಟರಿನ ಹುಡುಗಿ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದಳು. ಹೆಂಗಸು ನಕ್ಕಿದ್ದಳು, ದವಡೆ ನೋಯದಷ್ಟು. ಆ ನಗುವಿನ ಗುಂಗಿನಲ್ಲೇ ಅವನು ಎರಡು ದಿನ ಕಳೆದಿದ್ದ.

ಈಗ ಅಕ್ಕ ತೋರಿಸಿದ ಜಾಗದಲ್ಲಿ, ಬಾಗಿಲ ಪಕ್ಕದ ಗೋಡೆಗೆ, ಡ್ರಿಲ್ಲಿಂಗ್ ಮೆಷೀನು ಹಿಡಿದ. ಗೋಡೆ ದಪ್ಪವಾಗಿದ್ದರಿಂದ ಒಂದಡಿ ಉದ್ದದ ಕಡ್ಡಿ ಸಿಕ್ಕಿಸಿದ್ದ. ಇಟ್ಟಿಗೆಯ ಕೆಂಪು ಪುಡಿ ಅವನ ಮುಂಗೈ ಮೇಲೆ ಸುರಿಯಿತು. ಹೊರಗಿನ ಮೆಟ್ಟಿಲಸಾಲಿನಿಂದ ಕೇಬಲ್ಲು ಒಳಗೆ ಬಂತು. ಹೊಸ ಬಾಕ್ಸಿನಲ್ಲಿ ದೀಪ ಮಿನುಗಿತು.

"ಇನ್ನೊಂದೇ ಕೆಲಸ. ನಿಮ್ಮ ಮೊಬೈಲಿಗೆ ನಾಲ್ಕಂಕಿ ಕೋಡ್ ಬಂದಿರುತ್ತೆ, ಹೇಳಿ."

ತಂಗಿ ಮೊಬೈಲು ನೋಡಿದಳು. "ಏನೂ ಬಂದಿಲ್ಲ."

"ಬೆಳಿಗ್ಗೆನೇ ಬಂದಿರ್ಬೇಕು. ನಾನು ಹೊರಟಾಗ ತಾನಾಗೇ ಹೋಗುತ್ತೆ."

"ಇಲ್ವಲ್ಲ."

ಮೌನಿ ತನ್ನ ಫೋನಿನಲ್ಲಿ ಕೆಲಸದ ಚೀಟಿ ತೆರೆದ. "ಕೊನೇಲಿ ಏಳು, ಏಳು, ಎರಡು. ನಿಮ್ದೇ ತಾನೆ?"

ಅವಳು ಮೊಬೈಲನ್ನು ಮೇಜಿನ ಮೇಲೆ ಎಷ್ಟು ಮೆಲ್ಲಗೆ ಇಟ್ಟಳೆಂದರೆ ಒಂದಿಷ್ಟೂ ಸದ್ದಾಗಲಿಲ್ಲ.

"ಅದು ಅವರ ನಂಬರು," ಎಂದಳು. "ಕನೆಕ್ಷನ್ ತಗೊಳ್ಳುವಾಗ ಅವರೇ ಬರೆದಿದ್ದು."

ಕೌಂಟರಿನಲ್ಲಿ ಯಾರೂ ನಂಬರಿನ ಮಾತೆತ್ತಿರಲಿಲ್ಲ. ಶಿಫ್ಟಿಂಗ್ ಎಂದರೆ ಕಡತದಲ್ಲಿರುವ ನಂಬರಿಗೆ ಸಂದೇಶ ಹೋಗುತ್ತದೆ ಎಂದು ಏಳು ವರ್ಷದಿಂದ ಬಲ್ಲ ಅವನೂ ಎತ್ತಿರಲಿಲ್ಲ. ಶುಲ್ಕ ಉಳಿಸಿದ ಹುಮ್ಮಸ್ಸಿನಲ್ಲಿ ಅದು ತಲೆಗೇ ಹೊಳೆದಿರಲಿಲ್ಲ.

"ಸಂದೇಶದಲ್ಲಿ ಏನಿರುತ್ತೆ?" ಅಕ್ಕ ಕೇಳಿದಳು.

"ವಿಳಾಸ."

"ಯಾವ ವಿಳಾಸ?"

"ಈ ವಿಳಾಸ. ಮಹಡಿ, ಬಾಗಿಲ ನಂಬರು. ನಾನು ಬರೋ ಹೊತ್ತು, ನನ್ನ ನಂಬರು."

ಅವನ ಫೋನು ರಿಂಗಾಯಿತು. ಏಳು, ಏಳು, ಎರಡು. ಯಾಕೆ ಎತ್ತಿಕೊಂಡನೋ, ಕೆಲಸದ ಅಭ್ಯಾಸವೇ ಇರಬೇಕು.

"ನೆಟ್ ಹಾಕೋರಾ?" ಗಂಡಸಿನ ದನಿ ಮೃದುವಾಗಿತ್ತು, ಹತ್ತಿದ ಮೆಟ್ಟಿಲುಗಳಿಂದ ಸ್ವಲ್ಪ ಏದುಸಿರು. "ಕೋಡ್ ಬೇಕಿತ್ತಲ್ವಾ ಸರ್ ನಿಮಗೆ? ನಾನೇ ಬಂದು ಹೇಳ್ತೀನಿ. ಎರಡನೇ ಮಹಡೀಲಿದೀನಿ."

ಮೌನಿ ಫೋನು ಕಿವಿಯಿಂದ ಇಳಿಸಿದ. ಮನೆಯವರ ಜಗಳವಾದರೆ ಕೆಲಸ ನಿಲ್ಲಿಸಿ ಹೊರಟುಬಿಡಿ ಎಂದು ಕಂಪನಿಯ ನಿಯಮವೇ ಇತ್ತು. ಅವನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಅಕ್ಕ ಅದನ್ನು ನೋಡಿದಳು.

"ಹೋಗ್ತೀಯೇನೋ ತಮ್ಮಾ? ಹೋಗು. ಆದ್ರೆ ನೀನು ಹೋಗೋಕೆ ತೆಗೆದ ಬಾಗಿಲಲ್ಲೇ ನಮ್ಮ ದೊರೆ ಒಳಗೆ ಬರ್ತಾನೆ."

ತಂಗಿ ಗೋಡೆಗೆ ಬೆನ್ನು ಹಚ್ಚಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಗಲ್ಲವನ್ನು ಎದೆಗೆ ಇಳಿಸಿ ನಿಂತಿದ್ದಳು. ಹೊಡೆತ ಎಲ್ಲೆಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿರುವ ಮೈ ಅದು.

ಮೌನಿ ಚಿಲಕ ಹಾಕಿದ. ಏಣಿಯನ್ನು ಮಲಗಿಸಿ ಒಂದು ತುದಿಯನ್ನು ಬಾಗಿಲಿಗೂ ಇನ್ನೊಂದನ್ನು ಎದುರು ಗೋಡೆಗೂ ಬಿಗಿದ. ಅಕ್ಕ ಪೊಲೀಸರಿಗೆ ಫೋನು ಮಾಡಿ ವಿಳಾಸ ಕೂಗಿ ಹೇಳಿದಳು.

ಬಾಗಿಲು ಬಡಿದ ಸದ್ದು ಮೊದಮೊದಲು ಮರ್ಯಾದಸ್ಥನದಾಗಿತ್ತು. "ಸರ್, ತೆಗೀರಿ. ಕೋಡ್ ಹೇಳ್ಬೇಕು." ಆಮೇಲೆ, "ಏ, ಬಾರೇ ಮನೆಗೆ. ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ ಹೋಗುತ್ತೆ."

"ಮಾತು ಬರುತ್ತೆ ಹೋಗುತ್ತೆ. ಮುರಿದ ಬೆರಳು ಬರುತ್ತೇನೋ?" ಅಕ್ಕ ಒಳಗಿನಿಂದ ಕಿರುಚಿದಳು.

"ನೀನು ನಡುವೆ ಬರಬೇಡ ಅತ್ತಿಗೆ! ಲೋ ನೆಟ್ ಹಾಕೋನೇ, ಕಂಬ ಹತ್ತೋನು ನೀನು. ನಮ್ಮ ಸಂಸಾರಕ್ಕೆ ಯಾಕೋ ಹತ್ತಿದೆ?"

ಗಂಡನಿಗೆ ಟೈರಿನ ಅಂಗಡಿ ಇತ್ತು. ಗಾಲಿಯ ನಟ್ಟು ಬಿಚ್ಚುವ ಕಬ್ಬಿಣದ ಪಾನ ಅವನ ಕೈಯಲ್ಲಿತ್ತೆಂದು ಮೊದಲ ಪೆಟ್ಟಿಗೇ ತಿಳಿಯಿತು. ಬಾಗಿಲ ಪ್ಲೈವುಡ್ಡು ನಡುವೆ ಒಡೆಯಿತು. ನಾಲ್ಕನೇ ಪೆಟ್ಟಿಗೆ ತಟ್ಟೆಯಗಲದ ತೂತಾಯಿತು. ತೂತಿನೊಳಗಿಂದ ಒಂದು ಕೈ ಬಂತು. ಉಗುರಿನ ಸಂದಿಗಳಲ್ಲಿ ರಬ್ಬರಿನ ಕಪ್ಪು, ಮಣಿಕಟ್ಟಿನಲ್ಲಿ ಗಡಿಯಾರ. ಕೈ ಅವಸರಪಡಲಿಲ್ಲ. ಕುರುಡನ ಕೈಯಂತೆ ಚಿಲಕವನ್ನು ತಡಕಿತು.

ಮೌನಿ ಸುತ್ತಿಗೆ ಹುಡುಕಿದ. ಸಿಕ್ಕಿದ್ದು ಡ್ರಿಲ್ಲು.

ಎಷ್ಟೋ ಸಾವಿರ ಗೋಡೆ ಕೊರೆದವನಿಗೆ ಎಷ್ಟು ಒತ್ತಬೇಕೆಂದು ಕೈಯೇ ಹೇಳುತ್ತದೆ. ಗಾರೆಗೆ ಇಷ್ಟು, ಇಟ್ಟಿಗೆಗೆ ಇಷ್ಟು. ಇದಕ್ಕೆ ಒತ್ತಲೇ ಬೇಕಾಗಲಿಲ್ಲ. ಕಡ್ಡಿ ಮುಂಗೈಯ ಮೂಳೆಗಳ ನಡುವೆ ಇಳಿದು ಆಚೆಯ ಬಾಗಿಲ ಹಲಗೆಗೆ ತಾಗಿತು. ಹೊರಗೆ ಎದ್ದ ಕೂಗು ಮನುಷ್ಯನದಲ್ಲ ಎನಿಸಿತು. ರಕ್ತ ಬೆಚ್ಚಗೆ ಅವನ ಮುಖಕ್ಕೆ ಹಾರಿತು. ಗಾಬರಿಯಿಂದ ಗುಂಡಿ ಬಿಟ್ಟ. ಮೆಷೀನು ನಿಂತಿತು, ಕಡ್ಡಿ ಕೈಯಲ್ಲೇ ಸಿಕ್ಕಿಕೊಂಡಿತು. ಆಚೆಯವನು ಭುಜ ಕೊಟ್ಟು ಗುದ್ದಿದ. ಏಣಿ ಜಾರಿತು. ಬಾಗಿಲು ಚಿಲಕದ ಸಮೇತ ಒಳಗೆ ಬಿತ್ತು.

ಗಂಡ ಒಳಗೆ ಬಂದು ಎಡಗೈಯಿಂದ ಡ್ರಿಲ್ಲನ್ನು ಕಿತ್ತು ಎಸೆದ. ಸಾಧಾರಣ ಮುಖದವನು. ಅಂಗಿಯ ಗುಂಡಿಯೆಲ್ಲ ಹಾಕಿಕೊಂಡಿದ್ದ. ಪಾನ ಬೀಸಿದ ರಭಸಕ್ಕೆ ಮೌನಿಯ ಭುಜದ ಮೂಳೆ ಲಟಕ್ಕೆಂದಿತು. ಎರಡನೆಯದು ಬಾಯಿಗೆ ಬಿತ್ತು. ಕಣ್ಣು ಕತ್ತಲಿಟ್ಟಿತು. ನಾಲಿಗೆಯ ಮೇಲೆ ಎರಡು ಹಲ್ಲು ಸಣ್ಣ ಕಲ್ಲುಗಳಂತೆ ಉರುಳಿದವು. ಬಿದ್ದವನನ್ನು ಗಂಡ ತಿರುಗಿಯೂ ನೋಡದೆ ದಾಟಿಹೋದ. ಹೆಂಡತಿಯ ಕೂದಲು ಹಿಡಿದು ತಲೆಯನ್ನು ಮೇಜಿನ ಅಂಚಿಗೆ ಒಂದು ಸಲ ಅಪ್ಪಳಿಸಿದ.

"ನನ್ನ ಬಿಟ್ಟು ಶಿಫ್ಟಿಂಗಾ? ಶಿಫ್ಟಿಂಗಾ ನಿಂಗೆ?"

ಎರಡನೇ ಸಲಕ್ಕೆ ತಲೆ ಎತ್ತುವಷ್ಟರಲ್ಲಿ ಅಕ್ಕ ಅವನ ಮಂಡಿಯ ಹಿಂದಕ್ಕೆ, ಮೌನಿ ಹುಡುಕಿದ್ದ ಸುತ್ತಿಗೆಯಿಂದಲೇ, ಹೊಡೆದಳು. ದಿನಕ್ಕೆ ಇನ್ನೂರು ಒದ್ದೆ ಹಾಸಿಗೆಬಟ್ಟೆ ಎತ್ತುವ ತೋಳು ಅದು. ಅವನು ಕುಸಿದ. ಇನ್ನೊಂದು ಮಂಡಿಗೂ ಹೊಡೆದಳು.

ಆಮೇಲಿನದು ಮೌನಿಗೆ ತುಂಡುತುಂಡಾಗಿ ಮಾತ್ರ ನೆನಪಿನಲ್ಲಿ ಉಳಿಯಿತು. ಅವನು ತೆವಳಿಕೊಂಡು ಹೋಗಿ ಆ ಗಂಡಸಿನ ಎದೆಯ ಮೇಲೆ ಕೂತಿದ್ದ. ಸರಿಯಿದ್ದ ಒಂದು ಕೈಯಿಂದ ಅದೇ ಸಾಧಾರಣ ಮುಖಕ್ಕೆ ಗುದ್ದುತ್ತಿದ್ದ. ಮೂಗು ಮುರಿದಾಗ ನಿಲ್ಲಿಸಬಹುದಿತ್ತು. ಕೆಳಗಿನವನು ಕೈ ಎತ್ತುವುದನ್ನು ಬಿಟ್ಟಾಗಲೂ ನಿಲ್ಲಿಸಬಹುದಿತ್ತು. ಪ್ರತಿ ಗುದ್ದಿಗೂ ಒಳಗೆ ಏನೋ ಹಗುರಾಗುತ್ತಿತ್ತು. ಏಳು ವರ್ಷ ನೋಡಿ ನುಂಗಿದ್ದೆಲ್ಲ ಮುಷ್ಟಿಗೆ ಇಳಿದು ಬರುತ್ತಿತ್ತು, ಹಿತವಾಗಿತ್ತು.

"ಸಾಕು," ಎಂದಳು ತಂಗಿ. "ಸತ್ತು ಹೋಗ್ತಾರೆ."

ಅವನು ತಲೆಯೆತ್ತಿದ. ಅವಳ ಹಣೆಯಿಂದ ರಕ್ತ ಹುಬ್ಬಿಗೆ ಇಳಿಯುತ್ತಿತ್ತು. ಅವನು ಏನೋ ಹೇಳಲು ಕೈ ಚಾಚಿದ್ದೇ ತಡ, ಅವಳು ಗೋಡೆಗೆ ಸರಿದು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಳು, ಗಲ್ಲವನ್ನು ಎದೆಗೆ ಇಳಿಸಿದಳು. ಮೌನಿಯ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅದರ ಗೆಣ್ಣುಗಳ ಮೇಲೆ ಚರ್ಮವಿರಲಿಲ್ಲ. ಅವನು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ.

ಪೊಲೀಸರು ಬಂದಾಗ ಹನ್ನೆರಡೂವರೆ. ಒಬ್ಬ ಗಂಡನನ್ನು ಎಬ್ಬಿಸಿ ಗೋಡೆಗೆ ಒರಗಿಸಿ, ಕೈಗೆ ಬಟ್ಟೆ ಸುತ್ತಿದ. ಇನ್ನೊಬ್ಬ, ವಯಸ್ಸಾದ ಹವಾಲ್ದಾರ, ಮೇಜಿನ ಮೇಲಿನ ರಕ್ತವನ್ನು ಕಾಗದದಿಂದ ಒರೆಸಿ ಅಲ್ಲೇ ದೂರು ಬರೆಯಲು ಕೂತ. ಕೆಟ್ಟ ಮನುಷ್ಯನಲ್ಲ. ತಂಗಿಗೆ ಕುರ್ಚಿ ಎಳೆದುಕೊಟ್ಟ.

"ಒಳಗಿಡ್ತೀರಾ ಇವನ್ನ?" ಅಕ್ಕ ಕೇಳಿದಳು.

"ಆಸ್ಪತ್ರೆಯಿಂದ ಬಿಟ್ಟ ಮೇಲೆ ಇಡ್ತೀವಿ. ಜಾಮೀನು ಎಷ್ಟು ದಿನಕ್ಕೆ ಸಿಗುತ್ತೋ ಗೊತ್ತಿಲ್ಲ ತಾಯಿ, ಸುಳ್ಳು ಯಾಕೆ ಹೇಳ್ಲಿ." ತಂಗಿಯ ಕಡೆ ತಿರುಗಿದ. "ಇಲ್ಲೇ ಇರ್ತೀರಾ ನೀವು?"

"ಇಲ್ಲ," ಎಂದಳು.

"ಮತ್ತೆಲ್ಲಿ? ಎಲ್ಲಿರ್ತೀರೋ ಆ ವಿಳಾಸ ಬೇಕು. ನೋಟೀಸು ಅಲ್ಲಿಗೇ ಬರೋದು."

"ಬರೆದಿದ್ದನ್ನ ಯಾರ್ಯಾರು ಓದ್ತಾರೆ?"

ಹವಾಲ್ದಾರ ಪೆನ್ನು ತಡೆದ. "ದೂರಿನ ಪ್ರತಿ ಅವನಿಗೂ ಕೊಡ್ಬೇಕಮ್ಮಾ. ಅದು ಕಾನೂನು."

ಗೋಡೆಗೆ ಒರಗಿದ್ದ ಗಂಡನ ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದು ಹೆಂಡತಿಯ ತುಟಿಗಳನ್ನೇ ನೋಡುತ್ತಿತ್ತು, ತಾಳ್ಮೆಯಿಂದ. ಅವಳಿಗೆ ಹೋಗಲು ಒಂದು ಜಾಗವಿತ್ತು. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದರಲ್ಲಿ ಅದು ಮೌನಿಗೆ ತಿಳಿಯಿತು. ಅವಳ ಬಾಯಿ ತೆರೆಯಿತು, ಮುಚ್ಚಿತು.

"ನನ್ನ ಮನೆ ಬರ್ಕೊಳ್ಳಿ," ಎಂದ ಮೌನಿ. ಹಲ್ಲು ಹೋದ ಬಾಯಿಂದ ಅದು ಯಾರಿಗೂ ಸರಿಯಾಗಿ ಕೇಳಲಿಲ್ಲ. ಮತ್ತೊಂದು ಸಲ ಹೇಳಿದ. "ನೋಟೀಸು ನನ್ನ ಮನೆಗೆ ಬರ್ಲಿ. ನಾನು ತಲುಪಿಸ್ತೀನಿ."

ಹವಾಲ್ದಾರ ಅವನನ್ನು ದಿಟ್ಟಿಸಿದ. "ನಿಮ್ಮ ಮನೇಲಿ ಯಾರಿದಾರೆ?"

"ಹೆಂಡತಿ. ಮಗಳು."

"ಯೋಚನೆ ಮಾಡಿ ಹೇಳಿ."

ಅವನು ಯೋಚಿಸಿದ. ಹೆಂಡತಿ ಹಗಲೆಲ್ಲ ಬಾಗಿಲು ತೆರೆದಿಟ್ಟೇ ಕೂರುತ್ತಾಳೆ, ಗಾಳಿಗೆ. ಇವತ್ತಿನಿಂದ ಕೂರಬೇಡ ಎನ್ನಬೇಕು. ಯಾಕೆ ಎಂದು ಕೇಳುತ್ತಾಳೆ. ಹೇಳಬೇಕಾಗುತ್ತದೆ.

ಕೇಬಲ್ಲು ಎಳೆಯಲು ಬರುವವರಿಗೆ ಹೇಳುವ ಹಾಗೆ, ತಪ್ಪಿಲ್ಲದೆ, ಒಂದೊಂದನ್ನೇ ಹೇಳಿದ. ಬೀದಿ, ಅಡ್ಡರಸ್ತೆ, ಕಟ್ಟಡ, ನೆಲಮಹಡಿ, ಎಡಗಡೆಯ ಬಾಗಿಲು. ಗೋಡೆಯ ಹತ್ತಿರದಿಂದ ಆ ಒಂದು ಕಣ್ಣು ಈಗ ಅವನ ಕಡೆ ತಿರುಗಿತ್ತು. ಒಡೆದ ತುಟಿಗಳು ಸದ್ದಿಲ್ಲದೆ ಅಲುಗಿ ಬಾಗಿಲ ನಂಬರನ್ನು ಹೇಳಿಕೊಂಡವು.

ತಂಗಿ ಎದ್ದು, ಕಟ್ಟಿದ ಬೆರಳುಗಳಿಗೂ ಹೆಬ್ಬೆರಳಿಗೂ ನಡುವೆ ಪೆನ್ನು ಸಿಕ್ಕಿಸಿಕೊಂಡು, ಸಹಿ ಹಾಕಿದಳು.