ಪೆನ್ಸಿಲ್ ಡಬ್ಬಿಯ ಕರೆ

ಆಂಬುಲೆನ್ಸ್ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಫೋನ್ ಎತ್ತುತ್ತಿದ್ದ ಅವಳ ಕಿವಿಯನ್ನು ಜೊತೆಗಾರರು ಹೊಗಳಿದ್ದೇ ಹೊಗಳಿದ್ದು. ಅಳುವಿನ ನಡುವೆಯೂ ಮನೆ ನಂಬರು ಹೆಕ್ಕಿ ತೆಗೆಯುವವಳು! ಆದರೆ ಮನೆಗೆ ಬಂದಳೆಂದರೆ ಆ ಕಿವಿಗೂ ರಜೆ. ಸ್ಕೂಲು ಬಿಟ್ಟ ಮೇಲೆ ಮನೆಯಲ್ಲಿ ಅಜ್ಜಿಯ ಜೊತೆಗಿರುವ ಮಗಳು ಚೂಟಿ ಏನು ಹೇಳಿದರೂ "ಹೂಂ", ಮತ್ತೆ ಹೇಳಿದರೆ "ಹೂಂ ಕಣೇ". ಅಂಥ ಮಾತಿನಮಲ್ಲಿ ಹದಿನೈದು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ತಾಯಿಗೆ ಕಾರಣವೇ ತಿಳಿಯದು. ಅದಕ್ಕೇ ಚೂಟಿಯ ಮೂರನೇ ಕ್ಲಾಸಿನ ಟೀಚರು, "ಕೇಳಿಸ್ಕೊಳ್ಳೋದು ಹೇಗೆ ಅಂತ ನಮ್ಮ ಮಕ್ಕಳಿಗೆ ನೀವೇ ಸ್ವಲ್ಪ ಹೇಳ್ಕೊಡಿ, ನನ್ನ ಗಂಟಲು ಹರಿದುಹೋಯ್ತು" ಎಂದಾಗ ಒಂದೇ ಮಾತಿಗೆ ಒಪ್ಪಿದಳು. ಅಮ್ಮನ ಬಗ್ಗೆ ಹೆಮ್ಮೆಯಾದರೆ ಮಗಳು ಮತ್ತೆ ಮಾತಾಡಿಯಾಳು ಎಂಬ ಆಸೆ.

ಕ್ಲಾಸೋ, ದೇವರೇ ಗತಿ! ಮೂವತ್ತೆರಡು ಮಕ್ಕಳು, ಮೂವತ್ತೆರಡು ಬಾಯಿಯೂ ಒಟ್ಟಿಗೆ. ಅವಳು ಮೇಜಿನ ಮೇಲಿದ್ದ ತಗಡಿನ ಪೆನ್ಸಿಲ್ ಡಬ್ಬಿ ಎತ್ತಿ ಕಿವಿಗಿಟ್ಟುಕೊಂಡು "ಹಲೋ" ಅಂದಳು. ಗಲಾಟೆ ನಿಂತಿತು.

"ನಮ್ಮ ಕೆಲಸದಲ್ಲಿ ಎರಡೇ ನಿಯಮ. ಫೋನ್ ಮಾಡಿದವರು ಹೇಳಿದ್ದನ್ನ ತಿರುಗಿ ಅವರಿಗೇ ಹೇಳ್ಬೇಕು. ಅವರು ಹೌದು ಅಂದ ಮೇಲೇ ಮುಂದಿನ ಮಾತು. ಇನ್ನೊಂದು, ಸಹಾಯ ಬರೋವರೆಗೂ ಫೋನ್ ಇಡೋ ಹಾಗಿಲ್ಲ."

ಮಕ್ಕಳಿಗೆ ಆಟ ಸಿಕ್ಕಿತು. ಒಬ್ಬ ತನ್ನ ಬೆಕ್ಕು ಬೀರುವಿನೊಳಗೆ ಸಿಕ್ಕಿಬಿದ್ದಿದೆ ಎಂದರೆ, ಅದನ್ನು ತಿರುಗಿ ಹೇಳಬೇಕಾದ ಪಕ್ಕದವಳು ತನ್ನ ನಾಯಿಯ ಪುರಾಣ ಬಿಚ್ಚಿದಳು. "ಬೆಕ್ಕು! ಬೆಕ್ಕು!" ಎಂದು ಇಡೀ ಕ್ಲಾಸು ಕೂಗಿ ತಿದ್ದಿತು.

ಆಮೇಲೆ ಚೂಟಿ ಬಂದು ನಿಂತಳು, ಅಂಗೈಯನ್ನು ಕಿವಿಗಿಟ್ಟುಕೊಂಡು. ಅಮ್ಮನ ಮುಖ ನೋಡಲಿಲ್ಲ.

"ಹಲೋ, ಏನು ತೊಂದರೆ ಹೇಳಿ."

"ಅಜ್ಜಿ ಒಲೆ ಆರಿಸೋದು ಮರೀತಾಳೆ."

ಭಲೇ ಕಥೆ ಕಟ್ಟಿದ್ದಾಳೆ ಎಂದುಕೊಂಡೇ ಅವಳು ತಿರುಗಿ ಹೇಳಿದಳು. "ಅಜ್ಜಿ ಒಲೆ ಆರಿಸೋದು ಮರೀತಾಳೆ." ಚೂಟಿ ಹೌದು ಅಂದಳು. "ಯಾವಾಗಿಂದ?"

"ನನ್ನ ಹಲ್ಲು ಬಿದ್ದಾಗಿಂದ. ದಿನಾ ಸ್ಕೂಲಿಂದ ಹೋಗಿ ನಾನೇ ಆರಿಸ್ತೀನಿ. ನಿನ್ನೆ ಪಾತ್ರೆ ಕರಕಲಾಗಿತ್ತು. ತಿಕ್ಕಿಟ್ಟೆ."

ನಿನ್ನೆ ಕೆಲಸ ಮುಗಿಸಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಸುಟ್ಟ ವಾಸನೆ ಬಂದಿತ್ತು. ಅವಳು ಕಿಟಕಿ ತೆಗೆದು ಸುಮ್ಮನಾಗಿದ್ದಳು. ಇದು ಕಟ್ಟುಕಥೆಯಲ್ಲ. ಆದರೂ ನಿಯಮ ನಿಯಮವೇ. "ದಿನಾ ನೀನೇ ಆರಿಸ್ತೀಯ. ನಿನ್ನೆ ಪಾತ್ರೆ ಕರಕಲಾಗಿತ್ತು. ನೀನೇ ತಿಕ್ಕಿಟ್ಟೆ."

"ಹೌದು."

"ಯಾರಿಗಾದ್ರೂ ಹೇಳಿದ್ಯಾ?"

"ಅಮ್ಮಂಗೆ ಮೂರು ಸಲ ಹೇಳ್ದೆ. ಅಮ್ಮ ಹೂಂ ಅಂದ್ಲು."

ಅವಳು ಡಬ್ಬಿಯನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. "ಮೂರು ಸಲ ಹೇಳ್ದೆ. ಅಮ್ಮ ಹೂಂ ಅಂದ್ಲು," ಎಂದು ಅವಳು ಎಲ್ಲರ ಮುಂದೆಯೇ ಹೇಳಿದಳು. "ತಪ್ಪಾಯ್ತು ಕಂದ. ಈಗ ಕೇಳಿಸ್ತು."

"ಅಜ್ಜಿನ ಬೈತೀಯಾ?"

"ಇಲ್ಲ. ಮೂರು ಜನಾನೂ ಡಾಕ್ಟರ ಹತ್ರ ಹೋಗೋಣ. ಇನ್ಮೇಲೆ ಒಲೆ ನಿನ್ನ ಕೆಲಸ ಅಲ್ಲ."

ಅವಳು ಡಬ್ಬಿ ಕೆಳಗಿಡಲು ಹೋದಳು. "ಆಂಟೀ, ಇಡೋ ಹಾಗಿಲ್ಲ!" ಎಂದು ಬೆಕ್ಕಿನ ಹುಡುಗ ಕೂಗಿದ. "ಸಹಾಯ ಇನ್ನೂ ಬಂದಿಲ್ಲ!"

ಹೌದಲ್ಲ! ಮನೆಯಲ್ಲಿ ಅಜ್ಜಿ ಈಗಲೂ ಒಬ್ಬಳೇ. ಟೀಚರು ಕಣ್ಣಲ್ಲೇ ಹೊರಡಿ ಎಂದರು. ಡಬ್ಬಿಯನ್ನು ವಾಪಸ್ ಕೇಳಲಿಲ್ಲ.

ಎರಡು ಬೀದಿಯ ದಾರಿ. ಒಬ್ಬಳ ಕಿವಿಗೆ ಡಬ್ಬಿ, ಇನ್ನೊಬ್ಬಳ ಕಿವಿಗೆ ಅಂಗೈ. ಹದಿನೈದು ದಿನದ ಬಾಕಿ ಮಾತೆಲ್ಲ ಹೊರಬಿತ್ತು: ಕಳೆದ ರಬ್ಬರು, ಟೂ ಬಿಟ್ಟ ಗೆಳತಿ, ಅಲ್ಲಾಡುವ ಇನ್ನೊಂದು ಹಲ್ಲು. ಅಮ್ಮ ಬಿರಬಿರನೆ ನಡೆಯುತ್ತಲೇ ಒಂದೊಂದನ್ನೂ ತಿರುಗಿ ಹೇಳಿದಳು.

ಅಜ್ಜಿ ನಗುತ್ತಾ ಬಾಗಿಲು ತೆಗೆದಳು. ಒಳಗೆ ಖಾಲಿ ಪಾತ್ರೆಯ ಕೆಳಗೆ ಒಲೆ ಉರಿಯುತ್ತಿತ್ತು. ಈ ಸಲ ಅಮ್ಮನೇ ಹೋಗಿ ಆರಿಸಿದಳು.

ಚೂಟಿ ಅಂಗೈ ಇಳಿಸಿದಳು. "ಈಗ ಇಡಬಹುದು," ಎಂದಳು.