ಅಂಗಾತ ಬಿದ್ದವರ ಶೈಲಮ್ಮ

ಶೈಲಮ್ಮನವರು ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ಮನೆಯವರನ್ನಲ್ಲ, ಚಪ್ಪಲಿಗಳನ್ನು. ಅಮೆರಿಕದ ಮೆಟುಚೆನ್ ಊರಿನ ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೋ ಯಾವುದೋ ಮಗುವಿನ ಹುಟ್ಟುಹಬ್ಬಕ್ಕೋ ಜನ ಸೇರಿದರೆ, ಗರಾಜಿನ ಬಾಗಿಲಲ್ಲಿ ಪಾದರಕ್ಷೆಗಳು ಯುದ್ಧ ಮುಗಿದ ಕುರುಕ್ಷೇತ್ರದಂತೆ ಚೆಲ್ಲಾಡಿರುತ್ತವೆ. ಆ ರಣಭೂಮಿಯ ನಡುವೆ, ಬಿರುಬೇಸಿಗೆಯಲ್ಲೂ ಮೈಬಿಡದ ಮಾಸಲು ನೀಲಿ ರೇನ್‌ಕೋಟಿನ, ಹೋದ ವರ್ಷದವರೆಗೂ ಬಲಗಾಲನ್ನು ತುಸು ಎಳೆದು ಹಾಕುತ್ತಿದ್ದ ಕುಳ್ಳಗಿನ ಆಕೃತಿಯೊಂದು ಬಗ್ಗಿ, ಬೋರಲು ಬಿದ್ದ ಒಂದೊಂದನ್ನೂ ತಿರುಗಿಸಿಟ್ಟು, ಅನಂತರವೇ ಒಳಗೆ ಬರುತ್ತದೆ. ಮಗುಚಿದ ಚಪ್ಪಲಿಯಿಂದ ಮನೆಯಲ್ಲಿ ಜಗಳ ಹುಟ್ಟುತ್ತದೆಂಬುದು ಹಾವೇರಿಯ ಅವರಜ್ಜಿ ಕಲಿಸಿದ ಪಾಠ. ನಮ್ಮ ಮನೆಯ ಜಗಳಕ್ಕೆ ಚಪ್ಪಲಿಯ ನೆರವೇ ಬೇಕಿಲ್ಲ, ಅದಕ್ಕೆ ನಾನೊಬ್ಬನೇ ಸಾಕೆಂದು ನನ್ನ ಹೆಂಡತಿ ಎಷ್ಟು ಸಲ ವಿವರಿಸಿದರೂ ಅವರು ಬಿಟ್ಟಿಲ್ಲ.

ಇಷ್ಟರಿಂದಲೇ ಅವರನ್ನು ಹಳೆಯ ಕಾಲದವರೆಂದು ತೀರ್ಮಾನಿಸಿದವರು ಕೆಡುತ್ತಾರೆ, ನಾನೂ ಕೆಟ್ಟಿದ್ದೆ. ಶೈಲಮ್ಮನವರು ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಇಂಜೆಕ್ಷನ್ನು, ಸಲೈನು, ಮೈಯೊಳಗೆ ಕೂರಿಸುವ ಲೋಹದ ಕೀಲು, ಇವುಗಳಲ್ಲಿ ಬ್ಯಾಕ್ಟೀರಿಯಾದ ವಿಷ ಉಳಿದಿದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಆ ಪರೀಕ್ಷೆಯ ದ್ರಾವಣವನ್ನು ತಯಾರಿಸುವುದು ಲಾಳದೇಡಿ, ಅಂದರೆ ಹಾರ್ಸ್‌ಶೂ ಕ್ರ್ಯಾಬ್ ಎಂಬ ಕಡಲಪ್ರಾಣಿಯ ನೀಲಿ ರಕ್ತದಿಂದ. ಪುಟ್ಟ ಸೀಸೆಗಳಲ್ಲಿ ಬರುತ್ತಿದ್ದ ಆ ದ್ರಾವಣ ಅವರಿಗೆ ಅಡುಗೆಮನೆಯ ಉಪ್ಪಿನಷ್ಟು ಪರಿಚಿತ; ಆದರೆ ರಕ್ತ ಕೊಟ್ಟ ಪ್ರಾಣಿಯನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಕಂಡದ್ದು ನಿವೃತ್ತಿಯ ಮಾರನೆಯ ವಾರ. ಮಗಳು ಭೂಮಿಕಾ ಅವರನ್ನು ರಾರಿಟನ್ ಕೊಲ್ಲಿಯ ದಂಡೆಗೆ ಗಾಳಿ ಸೇವನೆಗೆಂದು ಕರೆದೊಯ್ದಿದ್ದಳು. ಮೊಟ್ಟೆಯಿಡಲು ರಾತ್ರಿ ದಡಕ್ಕೆ ಬಂದಿದ್ದ ಪ್ರಾಣಿಗಳನ್ನು ಅಲೆ ಮಗುಚಿ ಹಾಕಿ ಹಿಂದಿರುಗಿತ್ತು. ಕಬ್ಬಿಣದ ಶಿರಸ್ತ್ರಾಣಗಳಂತಹ ಆ ಜೀವಗಳು ಅಂಗಾತ ಬಿದ್ದು, ಆಕಾಶದಲ್ಲಿ ಸೈಕಲ್ ತುಳಿಯುವಂತೆ ಕಾಲಾಡಿಸುತ್ತಿದ್ದವು. ಕಡಲಹಕ್ಕಿಗಳು ಆಗಲೇ ಹತ್ತಿರ ಬಂದು ಕುಳಿತಿದ್ದವು. ಇದೇನು, ಕಚ್ಚುತ್ತದೆಯೇ, ಮುಟ್ಟಬಹುದೇ, ಒಂದನ್ನೂ ಶೈಲಮ್ಮನವರು ಕೇಳಲಿಲ್ಲ. ಹೊಸ್ತಿಲಲ್ಲಿ ಬಗ್ಗುವಂತೆ ಬಗ್ಗಿದರು, ತಿರುಗಿಸಿಟ್ಟರು, ಮುಂದಿನದಕ್ಕೆ ಹೋದರು. ದಂಡೆಯ ಆ ತುದಿ ಮುಟ್ಟಿದಾಗಲೇ ಭೂಮಿಕಾ, "ಅಮ್ಮಾ, ಡು ಯು ನೋ ವಾಟ್ ದೀಸ್ ಆರ್? ನಿನ್ನ ಲ್ಯಾಬಿನ ಏಡಿ ಇದೇ," ಎಂದದ್ದು. ಅವರು ಒದ್ದೆ ಮರಳಿನ ಮೇಲೆ ಹಾಗೇ ಕುಳಿತುಬಿಟ್ಟರಂತೆ.

ಅಂದಿನಿಂದ ಪ್ರತಿ ಮೇ, ಜೂನ್‌ನಲ್ಲಿ, ಉಬ್ಬರ ಇಳಿದ ಬೆಳಗುಗಳಲ್ಲಿ ಶೈಲಮ್ಮನವರ ದಂಡಯಾತ್ರೆ; ಸಾರಥಿ ನಾನು. ಅವರ ಪತಿ ಪಂಚಾಕ್ಷರಯ್ಯನವರು ಪಾರ್ಕ್‌ವೇ ಹೆದ್ದಾರಿಯ ಮೇಲೆ ಡ್ರೈವ್ ಮಾಡುವುದಿಲ್ಲವೆಂದು ವ್ರತ ತೊಟ್ಟವರಾದರೂ ಮಡಿಸುವ ಕುರ್ಚಿ ಮತ್ತು ಚಹಾದ ಫ್ಲಾಸ್ಕಿನೊಂದಿಗೆ ಹಿಂದಿನ ಸೀಟು ಹಿಡಿಯುತ್ತಾರೆ. "ಮನ್ಯಾಗ ನಾನೂ ಸೋಫಾದ ಮ್ಯಾಲೆ ಅಂಗಾತ ಬಿದ್ದಿರ್ತೀನಿ, ನನ್ನನ್ಯಾರೂ ಹಿಂಗ ಪ್ರೀತಿಯಿಂದ ತಿರುಗಿಸಂಗಿಲ್ಲ" ಎಂಬುದು ಅವರ ಖಾಯಂ ದೂರು.

ಮೊದಲ ದಿನ ನಾನು ಶೌರ್ಯ ಪ್ರದರ್ಶಿಸಲು ಹೋಗಿ ಒಂದು ಏಡಿಯನ್ನು ಬಾಲ ಹಿಡಿದು ಎತ್ತಿದೆ.

"ಏ ತಮ್ಮಾ, ಬಾಲ ಹಿಡಿದು ಜಗ್ಗಬ್ಯಾಡೋ! ಕಿತ್ತು ಬಂದೀತು. ಎರಡೂ ಕೈಯಿಂದ ಪಕ್ಕಕ್ಕ ಹಿಡಿ, ಕೂಸು ಎತ್ತಿದಂಗ."

ಕೂಸನ್ನೂ ನಾನು ಸರಿಯಾಗಿ ಎತ್ತಿದವನಲ್ಲವೆಂದು ನನ್ನ ಹೆಂಡತಿ ಸಾಕ್ಷಿ ಹೇಳಿಯಾಳು. ಹೇಗೋ ತಿರುಗಿಸಿದೆ. ಅದು ತನಗೇನೂ ಆಗಿಯೇ ಇಲ್ಲವೆಂಬಂತೆ, ವಂದನೆಯಿಲ್ಲದೆ, ನೀರಿನತ್ತ ತೆವಳಿತು. ಆಚೆ ಮಂಜಿನಲ್ಲಿ ಮ್ಯಾನ್‌ಹಾಟನ್ನಿನ ಗೋಪುರಗಳು ಹಲ್ಲಿನ ಸಾಲಿನಂತೆ ಕಾಣುತ್ತಿದ್ದವು.

"ಐದು ಪ್ರಳಯ ದಾಟಿ ಬಂದಾವ ಇವು," ಎಂದರು ಶೈಲಮ್ಮ. "ಡೈನೋಸಾರ್ ಬಂದದ್ದೂ ನೋಡ್ಯಾವ, ಹೋದದ್ದೂ ನೋಡ್ಯಾವ. ಈಗ ಆರನೇದು ಪ್ಯಾಂಟು ಹಾಕ್ಕೊಂಡು ಬಂದೈತಿ."

ನಾನು ಕೆಳಗೆ ನೋಡಿಕೊಂಡೆ. ಪ್ಯಾಂಟು ನನ್ನದೇ, ಸೇಲ್‌ನಲ್ಲಿ ಕೊಂಡದ್ದು. ಒಂದು ಕಾಲಕ್ಕೆ ಇವನ್ನು ಗಾಡಿಗಟ್ಟಲೆ ಹೊತ್ತೊಯ್ದು ಹೊಲಕ್ಕೆ ಗೊಬ್ಬರ ಮಾಡಿದರಂತೆ. ಆಮೇಲೆ ಬಲೆಗೆ ಬೀಳುವ ಜೀವಗಳಿಗೆ ಆಮಿಷವಾಗಿಸಿದರು. ದಡಕ್ಕೆ ಗೋಡೆ ಕಟ್ಟಿ ಮೊಟ್ಟೆಯ ಜಾಗ ಮುಚ್ಚಿದರು. ರಕ್ತ ತೆಗೆದು ಮರಳಿ ಕಡಲಿಗೆ ಬಿಟ್ಟವುಗಳಲ್ಲೂ ಎಲ್ಲವೂ ಬದುಕಲಿಲ್ಲ. ಈ ಮೊಟ್ಟೆಗಳನ್ನೇ ನಂಬಿ ಖಂಡ ದಾಟಿ ಬರುವ ಹಕ್ಕಿಗಳೂ ವಿರಳವಾದವು. ಇದನ್ನೆಲ್ಲ ಶೈಲಮ್ಮ ಭಾಷಣದಂತೆ ಹೇಳುವುದಿಲ್ಲ. ಎರಡು ಏಡಿಗಳ ನಡುವಿನ ಬಿಡುವಿನಲ್ಲಿ, ಉಸಿರು ಸಿಕ್ಕಿದಷ್ಟು ಹೇಳುತ್ತಾರೆ. ಒಮ್ಮೆ ಸತ್ತದ್ದೊಂದನ್ನು ತಿರುಗಿಸುತ್ತಿದ್ದಾಗ, "ಅಕ್ಕಾ, ಅದು ಹೋಗಿದೆ," ಎಂದೆ. "ಗೊತ್ತೈತಿ. ಆದರೂ ಹಂಗ ಬಿದ್ದಿರೂದು ಛಲೋ ಕಾಣಂಗಿಲ್ಲ," ಎಂದು ತಿರುಗಿಸಿಯೇ ಮುಂದೆ ಹೋದರು.

ಹೋದ ವರ್ಷ ಅವರ ಬಲಮೊಣಕಾಲು ಪೂರಾ ಕೈಕೊಟ್ಟಿತು. ಬದಲಾಯಿಸದಿದ್ದರೆ ದಂಡೆಯಿರಲಿ, ಸ್ವಂತ ಮನೆಯ ಮೆಟ್ಟಿಲೂ ಕನಸೇ ಎಂದರು ಸಮರ್‌ಸೆಟ್ಟಿನ ಡಾಕ್ಟರ್ ನಕುಲ್. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ. ಉಳಿದ ಆಂಟಿಯರು ಅವನನ್ನು ಕೇಳುವುದು ಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರಬಹುದೇ ಎಂದು. ಶೈಲಮ್ಮನವರು ಕೇಳಿದ್ದು, ತಮ್ಮ ಮೊಣಕಾಲಿಗೆ ಕೂರಿಸುವ ಕೀಲಿನ ವಿಷಪರೀಕ್ಷೆ ಏಡಿಯ ರಕ್ತದಿಂದ ಆದದ್ದೋ, ಈಗ ಲ್ಯಾಬಿನಲ್ಲೇ ತಯಾರಾಗುವ ಬದಲಿ ದ್ರಾವಣದಿಂದಲೋ ಎಂದು.

"ಆಂಟಿ, ಇಟ್ಸ್ ಟೋಟಲಿ ಸೇಫ್."

"ನನಗ ಸೇಫ್ ಐತೇನು ಅಂತ ಕೇಳಲಿಲ್ಲಪ್ಪ. ಅದಕ್ಕ ಸೇಫ್ ಐತೇನು ಅಂತ ಕೇಳ್ದೆ."

ಡಾಕ್ಟರಿಗೆ ಗೊತ್ತಿರಲಿಲ್ಲ. ಕೀಲಿನ ಕಂಪನಿಗೆ ಫೋನು ಮಾಡಿದರೆ, ಮಾನ್ಯತೆ ಪಡೆದ ವಿಧಾನದಿಂದಲೇ ಎಂಬ ಉತ್ತರ. ಅಂತಹ ಉತ್ತರಗಳ ಒಳಗನ್ನು ಬಲ್ಲ ಶೈಲಮ್ಮ, ಅದು ಏಡಿಯ ರಕ್ತವೇ ಇರಬೇಕೆಂದು ಆಪರೇಶನ್ ಬೇಡವೆಂದುಬಿಟ್ಟರು. ಮಗಳು ಅತ್ತಳು. ಯಾವ ಮಾತಿಗೂ ಒಂದು ನಗೆ ಸೇರಿಸುವ ಪಂಚಾಕ್ಷರಯ್ಯನವರು ಮಾತ್ರ ಆ ವಾರ ನಗಲಿಲ್ಲ.

ಆ ಜೂನ್‌ನಲ್ಲಿ, ಕೋಲೂರಿಕೊಂಡೇ ದಂಡೆಗೆ ಬಂದರು. ಮೊದಲ ಏಡಿಗೇ ಬಗ್ಗಿದರು, ಮೊಣಕಾಲು ಮಡಿಸಿಕೊಂಡಿತು, ನಾನು ನೋಡುನೋಡುತ್ತಿದ್ದಂತೆ ಶೈಲಮ್ಮನವರು ನೀಲಿ ರೇನ್‌ಕೋಟಿನ ಸಮೇತ ಮರಳಿನ ಮೇಲೆ ಅಂಗಾತ ಬಿದ್ದು, ಏಳಲಾರದೆ ಕೈಕಾಲು ಆಡಿಸತೊಡಗಿದರು. ಪಕ್ಕದಲ್ಲಿ ಏಡಿಯೂ ಅದನ್ನೇ ಮಾಡುತ್ತಿತ್ತು. ನಾನು ಓಡಿಹೋಗಿ ಕೈ ಹಿಡಿದು ಎಳೆದೆ.

"ಜಗ್ಗಬ್ಯಾಡೋ ತಮ್ಮಾ! ಪಕ್ಕಕ್ಕ ಹಿಡಿ!"

ಕುರ್ಚಿ ಬೀಳಿಸಿ ಧಾವಿಸಿದ ಪಂಚಾಕ್ಷರಯ್ಯನವರು ಒಂದು ಪಕ್ಕ, ನಾನೊಂದು ಪಕ್ಕ ಹಿಡಿದು ಕೂಸನ್ನೆತ್ತಿದಂತೆ ಎತ್ತಿ ಕೂರಿಸಿದೆವು. ಶೈಲಮ್ಮ ನಕ್ಕರು. ಪಂಚಾಕ್ಷರಯ್ಯನವರು ಬಗ್ಗಿ, ಜೀವಮಾನದಲ್ಲೇ ಮೊದಲ ಬಾರಿಗೆ, ಆ ಏಡಿಯನ್ನು ತಿರುಗಿಸಿಟ್ಟರು.

"ಅದನ್ನ ಎತ್ತಿದರ ಏಳ್ತೈತಿ. ನೀ ಯಾಕ ಏಳವಲ್ಲಿ?" ಎಂದರು.

ಮನೆಯ ಮುಂದೆ ಇಳಿಯುವಾಗ ಶೈಲಮ್ಮ, "ನಕುಲಗ ಫೋನ್ ಮಾಡ್ರಿ," ಎಂದರು, ಗಂಡನ ಮುಖ ನೋಡದೆ.

ಈ ಮೇ ತಿಂಗಳು ಮತ್ತೆ ಹೋಗಿದ್ದೆವು. ಶೈಲಮ್ಮ ಕಾಲನ್ನೀಗ ಎಳೆಯುವುದಿಲ್ಲ. ಮೊದಲ ಏಡಿಯ ಮುಂದೆ ಮೆಲ್ಲಗೆ ಬಗ್ಗಿ, ಹೊಸ ಮೊಣಕಾಲನ್ನು ಬೆರಳಿಂದ ತಟ್ಟಿ, "ನಿನ್ನ ಪೈಕೀದ ಇರಬೇಕು ಇದು. ನಿನ್ನ ಕೆಲಸಕ್ಕ ಕರ್ಕೊಂಡ ಬಂದೀನಿ," ಎಂದು ಅದಕ್ಕೆ ಪರಿಚಯ ಮಾಡಿಕೊಟ್ಟರು.

ಇಂಥವರದೊಂದು ಜಾತಿಯಿದೆ. ಜಗತ್ತನ್ನು ಉಳಿಸುತ್ತೇವೆಂದು ಇವರು ಹೇಳುವುದಿಲ್ಲ. ಅದು ಉಳಿಯುತ್ತದೆಂಬ ಭರವಸೆಯೂ ಇವರಿಗೆ ಅಷ್ಟಿಲ್ಲ. ಕಣ್ಣೆದುರು ಮಗುಚಿ ಬಿದ್ದದ್ದನ್ನು ದಾಟಿಹೋಗಲು ಮಾತ್ರ ಇವರ ಕಾಲು ಒಪ್ಪುವುದಿಲ್ಲ. ಅದು ಚಪ್ಪಲಿಯೋ, ಐದು ಪ್ರಳಯ ಕಂಡ ಪ್ರಾಣಿಯೋ ಎಂಬುದನ್ನು ಎತ್ತಿಟ್ಟ ಮೇಲೆ ವಿಚಾರಿಸುತ್ತಾರೆ. ಅಳಿವಿನಂಚಿನ ಜೀವಗಳ ಲೆಕ್ಕ ಹಾಕುವವರು ಇವರನ್ನೂ ಸೇರಿಸಿಕೊಳ್ಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಕಡಲು ಮೊಟ್ಟೆಗಳನ್ನು ಎಲ್ಲಿ ಮರಿ ಮಾಡುತ್ತದೆಂದು ಹೇಳಬಲ್ಲವರಾರು? ಮೊನ್ನೆ ಗರಾಜಿನ ಬಾಗಿಲಲ್ಲಿ ಯಾರದೋ ಬೋರಲು ಚಪ್ಪಲಿಯ ಮುಂದೆ ನಾನೇ ಬಗ್ಗಿ ನಿಂತಿದ್ದೆ, ಎರಡೂ ಕೈಯಿಂದ, ಪಕ್ಕಕ್ಕೆ ಹಿಡಿದು.